ಕಾಯುವುದೋ, ಕ್ಲಿಪ್ಪೋ, ಕಾಯಿಲೋ: ಮೆದುಳಿನಲ್ಲಿ ಒಡೆಯದ ಅನ್ಯೂರಿಸಂ ಸಿಕ್ಕಾಗ

ಅಮ್ಮನಿಗೆ ತಲೆಸುತ್ತು ಬಂತೆಂದು ಎಂಆರ್‌ಐ ಮಾಡಿಸಿದ್ದು. ತಲೆಸುತ್ತಿಗೆ ಕಾರಣ ಕಿವಿ ಅಂತ ಆಮೇಲೆ ಗೊತ್ತಾಯಿತು, ವಾರದಲ್ಲಿ ಹೋಯಿತು. ಉಳಿದುಕೊಂಡಿದ್ದು ರಿಪೋರ್ಟಿನ ಕೊನೆಯ ಸಾಲು: ಬಲಗಡೆ ಮಿಡಲ್ ಸೆರೆಬ್ರಲ್ ಆರ್ಟರಿ (ಮೆದುಳಿನ ಒಂದು ಮುಖ್ಯ ರಕ್ತನಾಳ) ಕವಲೊಡೆಯುವ ಕಡೆ 4 ಮಿಲಿಮೀಟರಿನ ಅನ್ಯೂರಿಸಂ, ಅಂದರೆ ರಕ್ತನಾಳದ ಗೋಡೆಯಲ್ಲಿ ಉಬ್ಬು. ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿದ್ದ ಹುಡುಗ ಕವರ್ ಕೊಡುತ್ತಾ "ಬೇಗ ನ್ಯೂರೋದವರಿಗೆ ತೋರಿಸಿ ಮೇಡಂ" ಅಂದ, ಅಷ್ಟೇ. ಅವತ್ತು ರಾತ್ರಿ ಮನೆಯಲ್ಲಿ ಯಾರೂ ಅಮ್ಮನಿಗೆ ಕುಕ್ಕರ್ ಎತ್ತುವುದಕ್ಕೂ ಬಿಡಲಿಲ್ಲ.

ಮುಂದಿನ ಎರಡು ತಿಂಗಳಲ್ಲಿ ಮೂವರು ಡಾಕ್ಟರರನ್ನು ಕಂಡೆವು. ಒಬ್ಬರು ತಲೆ ತೆರೆದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿಬಿಡೋಣ ಅಂದರು. ಇನ್ನೊಬ್ಬರು ತೊಡೆಸಂದಿಯ ರಕ್ತನಾಳದಿಂದ ಹೋಗಿ ಉಬ್ಬಿನೊಳಗೆ ಕಾಯಿಲ್, ಅಂದರೆ ಲೋಹದ ಸುರುಳಿ, ತುಂಬಬಹುದು ಅಂದರು. ಮೂರನೆಯವರು ಏನೂ ಬೇಡ, ಬಿಪಿ ನೋಡಿಕೊಳ್ಳಿ, ವರ್ಷ ಬಿಟ್ಟು ಬನ್ನಿ ಅಂದರು. ಮೂವರೂ ಕೈ ಪಳಗಿದವರೇ. ಒಂದೇ ಚಿತ್ರ ನೋಡಿ ಮೂರು ಮಾತು ಹೇಗೆ ಬಂತು ಎಂದು ಅರ್ಥ ಮಾಡಿಕೊಳ್ಳುವ ಹೊತ್ತಿಗೆ ನನಗೆ ಒಂದು ನೋಟ್‌ಬುಕ್ ತುಂಬಿತ್ತು. ಆ ನೋಟ್‌ಬುಕ್ಕಿನ ಸಾರ ಇದು. ನಾನು ಡಾಕ್ಟರಲ್ಲ. ಇದನ್ನು ಓದಿ ಮಾತ್ರೆ ಶುರು ಮಾಡಬೇಡಿ, ಬಿಡಲೂಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬಂದರೆ ಸಾಕು.

ಎಷ್ಟು ಹೆದರಬೇಕು

ಮೆದುಳಿನ ಬುಡದಲ್ಲಿ ರಕ್ತನಾಳಗಳು ಕವಲೊಡೆಯುವ ಕಡೆ ಗೋಡೆ ಸವೆದು ಹೊರಗೆ ಉಬ್ಬಿಕೊಳ್ಳುತ್ತದೆ, ಸೈಕಲ್ ಟ್ಯೂಬು ಸವೆದ ಕಡೆ ಗುಳ್ಳೆ ಏಳುವ ಹಾಗೆ. ಇದೇ ಅನ್ಯೂರಿಸಂ. ಹೆಚ್ಚಿನವು ಹುಟ್ಟಿನಿಂದ ಬಂದವಲ್ಲ, ವಯಸ್ಸಾಗುತ್ತಾ ಮೂಡಿದವು. ಐವತ್ತು ದಾಟಿದ ಹೆಂಗಸರಲ್ಲಿ ಜಾಸ್ತಿ. ದೊಡ್ಡವರಲ್ಲಿ ನೂರಕ್ಕೆ ಸುಮಾರು 3 ಜನಕ್ಕೆ ಇದು ಇರುತ್ತದೆ. ಸಾವಿರ ಜನ ಊಟಕ್ಕೆ ಕೂತ ಮದುವೆ ಛತ್ರದಲ್ಲಿ ಇಪ್ಪತ್ತೈದು, ಮೂವತ್ತು ಜನರ ತಲೆಯಲ್ಲಿ ಉಂಟು ಅಂತಾಯಿತು. ಅವರಿಗೆ ಗೊತ್ತಿಲ್ಲ, ಪಾಯಸ ಬಡಿಸಿಕೊಳ್ಳುತ್ತಿದ್ದಾರೆ.

ಇನ್ನೊಂದು ಕಡೆಯ ಲೆಕ್ಕ: ಅನ್ಯೂರಿಸಂ ಒಡೆದು ಮೆದುಳಿನ ಸುತ್ತ ರಕ್ತಸ್ರಾವವಾಗುವುದು ವರ್ಷಕ್ಕೆ ಲಕ್ಷ ಜನರಲ್ಲಿ ಹತ್ತಕ್ಕಿಂತ ಕಡಿಮೆ ಮಂದಿಗೆ. ಲಕ್ಷದಲ್ಲಿ ಮೂರು ಸಾವಿರ ಜನರಿಗೆ ಉಬ್ಬು ಇದೆ, ಒಡೆಯುವುದು ಬೆರಳೆಣಿಕೆಯಷ್ಟು. ಆದರೆ ಒಡೆದರೆ ಕಥೆ ಬೇರೆ. ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲೂ ಹಲವರು ಮೊದಲಿನಂತಾಗುವುದಿಲ್ಲ. ಅಪರೂಪಕ್ಕೆ ಆಗುವುದು, ಆದರೆ ಆದಾಗ ಘೋರ. ತೀರ್ಮಾನ ಕಷ್ಟವಾಗುವುದು ಇಲ್ಲಿಯೇ.

ಬಿಟ್ಟರೆ ಏನಾಗುತ್ತದೆ

ಏನೂ ಮಾಡದೆ ಬಿಟ್ಟರೆ ಇದರ ನಡೆ ಹೇಗಿರುತ್ತದೆ ಎಂದು ತಿಳಿಯಲು ಯಾರಾದರೂ ಏನೂ ಮಾಡದೆ ಬಿಟ್ಟಿರಬೇಕು. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಹಾಗೆ ಆಗಿತ್ತು. 1979ಕ್ಕೆ ಮುಂಚೆ ಅಲ್ಲಿ ಒಡೆಯದ ಅನ್ಯೂರಿಸಂಗೆ ಆಪರೇಷನ್ ಮಾಡುತ್ತಿರಲಿಲ್ಲ. ಹಾಗೆ ಬಿಟ್ಟ 142 ಜನರನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಹತ್ತು ವರ್ಷಕ್ಕೆ ಸುಮಾರು 10%, ಇಪ್ಪತ್ತು ವರ್ಷಕ್ಕೆ 23%, ಮೂವತ್ತಕ್ಕೆ 30% ಜನರಲ್ಲಿ ಒಡೆದಿತ್ತು. ಈ ಅಂಕಿ ನೋಡಿ ನನಗೆ ಒಂದು ದಿನ ನಿದ್ದೆ ಬರಲಿಲ್ಲ. ಮಾರನೆಯ ದಿನ ಪೂರ್ತಿ ಓದಿದೆ: ಆ 142 ಜನರಲ್ಲಿ ಬಹುತೇಕರಿಗೆ ಅದಾಗಲೇ ಬೇರೊಂದು ಅನ್ಯೂರಿಸಂ ಒಡೆದಿತ್ತು, ಇದು ಅವರ ತಲೆಯಲ್ಲಿ ಉಳಿದ ಎರಡನೆಯದು. ಮೇಲಾಗಿ ಫಿನ್‌ಲೆಂಡಿನವರಿಗೆ ಈ ಅಪಾಯವೇ ಹೆಚ್ಚು. ನಮ್ಮಮ್ಮ ಆ ಗುಂಪಿನವಳಲ್ಲ.

2003ರಲ್ಲಿ ಅಮೆರಿಕ, ಕೆನಡಾ, ಯುರೋಪಿನ 4,060 ರೋಗಿಗಳ ಅಧ್ಯಯನ ಬಂತು. ಮೊದಲು ರಕ್ತಸ್ರಾವವಾಗದವರಲ್ಲಿ, ಮೆದುಳಿನ ಮುಂಭಾಗದ ರಕ್ತನಾಳಗಳ ಉಬ್ಬು 7 ಮಿ.ಮೀ.ಗಿಂತ ಚಿಕ್ಕದಿದ್ದರೆ ಐದು ವರ್ಷದಲ್ಲಿ ಒಡೆದದ್ದು ಸೊನ್ನೆ. 7ರಿಂದ 12 ಮಿ.ಮೀ. ಇದ್ದರೆ 2.6%, 13ರಿಂದ 24 ಇದ್ದರೆ 14.5%, 25ಕ್ಕೆ ಮೇಲಾದರೆ 40%. ಹಿಂಭಾಗದ ರಕ್ತನಾಳಗಳು ಮತ್ತು ಅವನ್ನು ಮುಂಭಾಗಕ್ಕೆ ಕೂಡಿಸುವ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಆರ್ಟರಿಯಲ್ಲಿ ಇದೇ ಅಳತೆಗಳಿಗೆ 2.5%, 14.5%, 18.4%, 50%. ಎಷ್ಟು ದೊಡ್ಡದು ಎನ್ನುವಷ್ಟೇ ಎಲ್ಲಿದೆ ಅನ್ನುವುದೂ ಮುಖ್ಯ ಎಂದು ಇದನ್ನು ನೋಡಿದರೆ ತಿಳಿಯುತ್ತದೆ.

ಆ ಸೊನ್ನೆಯ ಬಗ್ಗೆ ಇವತ್ತಿಗೂ ಜಗಳ ಉಂಟು. ಏಕೆಂದರೆ ಒಡೆದುಕೊಂಡು ಎಮರ್ಜೆನ್ಸಿಗೆ ಬರುವವರಲ್ಲಿ 7 ಮಿ.ಮೀ.ಗಿಂತ ಚಿಕ್ಕ ಉಬ್ಬಿನವರೇ ಬೇಕಾದಷ್ಟು ಜನ. ಚಿಕ್ಕದು ಒಡೆಯುವುದೇ ಇಲ್ಲ ಅನ್ನುವುದಾದರೆ ಇವರೆಲ್ಲ ಎಲ್ಲಿಂದ ಬಂದರು? ಮೂರು ಉತ್ತರ ಕೊಡುತ್ತಾರೆ. ಚಿಕ್ಕ ಉಬ್ಬುಗಳ ಸಂಖ್ಯೆಯೇ ಅಗಾಧ, ಸಾವಿರಕ್ಕೆ ಒಂದೆರಡು ಒಡೆದರೂ ಆಸ್ಪತ್ರೆ ತುಂಬುತ್ತದೆ. ಎರಡನೆಯದು, ಕೆಲವು ಉಬ್ಬುಗಳು ಮೂಡಿದ ಕೆಲವೇ ದಿನ, ವಾರಗಳಲ್ಲಿ ಒಡೆಯುತ್ತವೆ. ಅವು ಸ್ಕ್ಯಾನಿಗೆ ಸಿಗುವುದೇ ಇಲ್ಲ. ಸ್ಕ್ಯಾನಿಗೆ ಸಿಕ್ಕಿದ್ದು ಬಹುಮಟ್ಟಿಗೆ ಆ ಕಂಟಕ ದಾಟಿ ಗಟ್ಟಿಯಾಗಿ ಕೂತದ್ದು. ಮೂರನೆಯದು, ಅಧ್ಯಯನದಲ್ಲಿದ್ದ ಅಪಾಯಕಾರಿ ಎನಿಸಿದ ಉಬ್ಬುಗಳಿಗೆ ಡಾಕ್ಟರರು ಮೊದಲೇ ಆಪರೇಷನ್ ಮಾಡಿಬಿಟ್ಟಿದ್ದರು. ಹಾಗಾಗಿ 'ಬಿಟ್ಟವರ' ಗುಂಪಿನಲ್ಲಿ ಸಾಧು ಉಬ್ಬುಗಳೇ ಹೆಚ್ಚು ಉಳಿದವು. ಈ ಕೊನೆಯ ದೋಷ ಇಂಥ ಬಹುತೇಕ ಅಧ್ಯಯನಗಳಿಗೂ ಅಂಟಿಕೊಂಡಿದೆ.

2012ರಲ್ಲಿ ಜಪಾನಿನಿಂದ 5,720 ರೋಗಿಗಳ ಲೆಕ್ಕ ಬಂತು. ಅಲ್ಲಿ ಚಿಕ್ಕದಕ್ಕೂ ಸೊನ್ನೆ ಇಲ್ಲ: 3–4 ಮಿ.ಮೀ. ಇದ್ದರೆ ವರ್ಷಕ್ಕೆ 0.36%, 5–6 ಇದ್ದರೆ 0.5%, 7–9 ಇದ್ದರೆ 1.69%, 10–24 ಇದ್ದರೆ 4.37%. ಉಬ್ಬಿನ ಮೈಮೇಲೆ ಇನ್ನೊಂದು ಪುಟ್ಟ ಮೊಲೆಯಂಥ ಉಬ್ಬು ಎದ್ದಿದ್ದರೆ ಅಪಾಯ ಸುಮಾರು ಒಂದೂವರೆ ಪಟ್ಟು. ರಿಪೋರ್ಟಿನಲ್ಲಿ 'ಡಾಟರ್ ಸ್ಯಾಕ್' ಅಥವಾ 'ಇರ್‌ರೆಗ್ಯುಲರ್' ಅಂತ ಬರೆದಿದ್ದರೆ ಅದರ ಕೆಳಗೆ ಗೆರೆ ಎಳೆಯಿರಿ.

2014ರಲ್ಲಿ ಇಂಥ ಆರು ಅಧ್ಯಯನಗಳನ್ನು ಸೇರಿಸಿ 'ಫೇಸಸ್' ಅಂತ ಒಂದು ಅಂಕಪಟ್ಟಿ ಮಾಡಿದರು. ಜನಾಂಗ, ಬಿಪಿ, ವಯಸ್ಸು, ಗಾತ್ರ, ಹಿಂದೆ ಒಡೆದಿತ್ತೇ, ಜಾಗ ಎಲ್ಲಿ ಎಂಬ ಆರಕ್ಕೂ ಅಂಕ. ಅಮ್ಮನಿಗೆ ಹಾಕಿ ನೋಡಿದೆ: ಬಿಪಿಗೆ 1, ಜಾಗಕ್ಕೆ 2, ವಯಸ್ಸು 64 ಆದ್ದರಿಂದ 0 (ಎಪ್ಪತ್ತಾದರೆ 1), ಗಾತ್ರಕ್ಕೆ 0. ಒಟ್ಟು 3. ಐದು ವರ್ಷದ ಅಪಾಯ 0.7%. ಎರಡು ಮಾತು ಮಾತ್ರ ನೆನಪಿರಲಿ. ಜನಾಂಗದ ಕಾಲಂನಲ್ಲಿ ಫಿನ್‌ಲೆಂಡಿನವರಿದ್ದಾರೆ, ಜಪಾನಿನವರಿದ್ದಾರೆ, ನಾವಿಲ್ಲ. ನಮ್ಮವರನ್ನು ಯುರೋಪಿನವರ ಪಂಕ್ತಿಯಲ್ಲಿ ಕೂರಿಸಿ ಲೆಕ್ಕ ಹಾಕಬೇಕು. ಸಿಗರೇಟು, ಮನೆತನದ ಇತಿಹಾಸ, ಉಬ್ಬಿನ ಆಕಾರ ಈ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ ಇದು ಮಾತು ಶುರು ಮಾಡುವುದಕ್ಕೆ ಸರಿ, ಮುಗಿಸುವುದಕ್ಕಲ್ಲ.

ಕಂತು ಮತ್ತು ಇಡಿಗಂಟು

ಮೂರನೆಯ ಡಾಕ್ಟರನ್ನು ಅಮ್ಮ ನೇರವಾಗಿ ಕೇಳಿದಳು: "ಒಡೀಬಹುದು ಅಂತ ಗೊತ್ತಿದ್ದೂ ಹಂಗೇ ಬಿಡೋದಾ ಡಾಕ್ಟ್ರೇ?"

"ಅಮ್ಮಾ, ಬಿಟ್ರೆ ಅಪಾಯನ ಕಂತಲ್ಲಿ ಕಟ್ತೀರಿ, ವರ್ಷಕ್ಕೆ ಇಷ್ಟಿಷ್ಟೇ. ಆಪರೇಷನ್ ಅಂದ್ರೆ ಇಡಿಗಂಟು, ಒಂದೇ ದಿನ ಕಟ್ಬೇಕು. ನಿಮ್ ಕಂತು ತೀರಾ ಸಣ್ಣದು."

ನನ್ನ ನೋಟ್‌ಬುಕ್ಕಿನ ಮೂವತ್ತು ಪುಟ ಈ ಮೂರು ವಾಕ್ಯದಲ್ಲಿ ಅಡಗಿತು. ಇಡಿಗಂಟು ಎಷ್ಟು? 2019ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ರಕ್ತನಾಳದ ಒಳಗಿಂದ ಮಾಡುವ ಚಿಕಿತ್ಸೆಯಲ್ಲಿ ತೊಡಕು ಸುಮಾರು 5%, ಸಾವು 0.3%. ತಲೆ ತೆರೆದು ಮಾಡುವುದರಲ್ಲಿ ತೊಡಕು ಸುಮಾರು 8%, ಸಾವು 0.1%. ಜಪಾನಿನ ಲೆಕ್ಕದ 0.36%ರ ಕಂತು 5% ಮುಟ್ಟಲು ಹದಿನಾಲ್ಕು ವರ್ಷ ಬೇಕು. ಈ ಭಾಗಾಕಾರ ಒರಟು, ಒಪ್ಪುತ್ತೇನೆ. ತೊಡಕುಗಳೆಲ್ಲ ಒಂದೇ ತೂಕದವಲ್ಲ, ಕೆಲವು ವಾರದಲ್ಲಿ ಸರಿಹೋಗುತ್ತವೆ, ಕೆಲವು ಮಾತು, ಕೈಕಾಲು ಕಸಿಯುತ್ತವೆ. ಒಡೆದದ್ದು ಮಾತ್ರ ಯಾವಾಗಲೂ ಭಾರಿ. ಆದರೂ ಮೂರು ಡಾಕ್ಟರರ ಮೂರು ಮಾತು ಯಾಕೆಂದು ಇದರಲ್ಲೇ ಗೊತ್ತಾಗುತ್ತದೆ. ಎರಡೂ ಕಡೆಯ ಅಂಕಿ ಹತ್ತಿರ ಹತ್ತಿರ ಇದ್ದಾಗ, ತಮ್ಮ ಕೈಯಲ್ಲಿ ಚೆನ್ನಾಗಿ ಬರುವುದನ್ನೇ ಯಾರಾದರೂ ಹೇಳುತ್ತಾರೆ. ಚೀಟಿ ಎತ್ತಿ ಅರ್ಧ ಜನಕ್ಕೆ ಕಾಯಿಲ್ ಹಾಕಿ ಅರ್ಧ ಜನರನ್ನು ಬಿಟ್ಟು ನೋಡುವ ಒಂದು ಅಂತರರಾಷ್ಟ್ರೀಯ ಪ್ರಯೋಗ 2006ರಲ್ಲಿ ಶುರುವಾಗಿತ್ತು. 80 ಜನ ಸೇರುವಷ್ಟರಲ್ಲಿ 2009ಕ್ಕೆ ನಿಂತುಹೋಯಿತು. ತಲೆಯೊಳಗಿನ ಉಬ್ಬಿನ ಭವಿಷ್ಯವನ್ನು ಚೀಟಿಗೆ ಬಿಡುವವರು ಎಷ್ಟು ಜನ ಸಿಕ್ಕಾರು?

ಇದೇ ಲೆಕ್ಕ ಇನ್ನೊಂದು ತಲೆಯಲ್ಲಿ ತಿರುಗುಮುರುಗು. ನಮ್ಮ ಆಫೀಸಿನವರೊಬ್ಬರಿಗೆ 43 ವರ್ಷ, ದಿನಕ್ಕೆ ಒಂದು ಪ್ಯಾಕ್ ಸಿಗರೇಟು, ಆಂಟೀರಿಯರ್ ಕಮ್ಯುನಿಕೇಟಿಂಗ್ ಆರ್ಟರಿಯಲ್ಲಿ (ಮೆದುಳಿನ ಮುಂದಿನ ಎಡಬಲ ನಾಳಗಳನ್ನು ಕೂಡಿಸುವುದು) 8 ಮಿ.ಮೀ. ಉಬ್ಬು, ಮೈಯೆಲ್ಲ ಗಂಟುಗಂಟು. ಅಂಕಪಟ್ಟಿಯಲ್ಲಿ 7, ಐದು ವರ್ಷಕ್ಕೆ 2.4%. ಸಿಗರೇಟು, ಆಕಾರ ಲೆಕ್ಕಕ್ಕೆ ಬಂದಿಲ್ಲ. ಕಟ್ಟಬೇಕಾದ ಕಂತು ಇನ್ನೂ ನಲವತ್ತು ವರ್ಷ. ಅವರಿಗೆ ಯಾರೂ ಕಾಯಿರಿ ಅನ್ನಲಿಲ್ಲ.

ಚಿಕಿತ್ಸೆ ಬೇಕೆಂದಾದರೆ

ಕ್ಲಿಪ್ ಹಳೆಯದು. 1937ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಾಲ್ಟರ್ ಡ್ಯಾಂಡಿ ಮೊದಲು ಉಬ್ಬಿನ ಕುತ್ತಿಗೆಗೆ ಕ್ಲಿಪ್ ಹಾಕಿದರು. ಈಗಿನದು ಹೆಚ್ಚಾಗಿ ಟೈಟಾನಿಯಂ, ಎಂಆರ್‌ಐಗೆ ಅಡ್ಡಿ ಇಲ್ಲ. ಕೆನ್ನೆಗೂದಲಿನ ಹಿಂದೆ ಚರ್ಮ ಬಿಡಿಸಿ, ಮೂಳೆಯ ಒಂದು ಬಿಲ್ಲೆ ತೆಗೆದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿ, ಬಿಲ್ಲೆಯನ್ನು ವಾಪಸ್ ಕೂರಿಸುತ್ತಾರೆ. ದೊಡ್ಡ ಗುಣ ಬಾಳಿಕೆ: ಸರಿಯಾಗಿ ಕೂತ ಕ್ಲಿಪ್ ಇರುವ ಕಡೆ ಉಬ್ಬು ಮತ್ತೆ ಬರುವುದು ಅಪರೂಪ. ಕಷ್ಟವೆಲ್ಲ ಮೊದಲ ತಿಂಗಳು, ಎರಡು ತಿಂಗಳಲ್ಲಿ. ಆಯಾಸ, ಹಣೆಯ ಒಂದು ಕಡೆ ಜೋಮು. ಅಗಿಯುವ ಸ್ನಾಯುವನ್ನು ಸರಿಸಿರುವುದರಿಂದ ಬಾಯಿ ಪೂರ್ತಿ ತೆರೆಯಲಾಗದೆ ರೊಟ್ಟಿ ತಿನ್ನುವವರಿಗೆ ಪೇಚಾಟ. ವಯಸ್ಸು ಐವತ್ತು ದಾಟಿದ ಹಾಗೆ ಈ ದಾರಿಯ ಅಪಾಯ ಏರುತ್ತದೆ. ನಮ್ಮಮ್ಮನ ಉಬ್ಬಿರುವ ಜಾಗ ಮಾತ್ರ ಕ್ಲಿಪ್ಪಿಗೆ ಹೇಳಿ ಮಾಡಿಸಿದ್ದು, ತಲೆಬುರುಡೆಗೆ ಹತ್ತಿರ, ಕೈಗೆ ಸಿಗುತ್ತದೆ. ಮೊದಲ ಡಾಕ್ಟರು ಹಾಗೆ ಹೇಳಿದ್ದರಲ್ಲಿ ಅರ್ಥವಿತ್ತು.

ಕಾಯಿಲ್ ಬಂದದ್ದು ಇಟಲಿಯ ಗುಯಿಡೋ ಗುಲಿಯೆಲ್ಮಿ ಅವರ ಕೈಯಲ್ಲಿ, 1990ರ ಹೊತ್ತಿಗೆ. ತೊಡೆಸಂದಿಯಿಂದ, ಈಗೀಗ ಮಣಿಕಟ್ಟಿನಿಂದಲೂ, ಸಪೂರ ನಳಿಕೆ ಏರಿಸಿ ಉಬ್ಬಿನೊಳಗೆ ಪ್ಲಾಟಿನಂ ಎಳೆಗಳನ್ನು ಸುರುಳಿ ಸುತ್ತಿ ತುಂಬುತ್ತಾರೆ. ರಕ್ತ ಒಳಗೆ ಹೆಪ್ಪುಗಟ್ಟಿ ಉಬ್ಬು ಮುಚ್ಚುತ್ತದೆ. ಎಲ್ಲ ಸರಿಯಾದರೆ ಎರಡು ಮೂರು ದಿನದಲ್ಲಿ ಮನೆ. ಆದರೆ ಸುರುಳಿ ಕಾಲಕ್ರಮದಲ್ಲಿ ಅಮುಕಿಕೊಳ್ಳಬಹುದು. ಹೊಸ ಹಾಸಿಗೆಯ ಹತ್ತಿ ಕೂತು ನಡುವೆ ಗುಂಡಿ ಬೀಳುತ್ತದಲ್ಲ, ಹಾಗೆ. ಐದರಲ್ಲಿ ಒಂದರಲ್ಲಿ ಬುಡಕ್ಕೆ ಮತ್ತೆ ರಕ್ತ ಬರುವುದು ಕಾಣುತ್ತದೆ, ಹತ್ತರಲ್ಲಿ ಒಂದಕ್ಕೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ನಮ್ಮ ಆಫೀಸಿನವರು ಆ ಹತ್ತರಲ್ಲಿ ಒಬ್ಬರಾದರು, ವರ್ಷ ಕಳೆದು ಎರಡನೇ ಸಲ ಹೋಗಿ ಬಂದರು. "ಮೊದ್ಲೇ ಹೇಳಿದ್ರು, ನಾನೇ ಕಿವಿಗೆ ಹಾಕ್ಕೊಂಡಿರ್ಲಿಲ್ಲ" ಅಂದರು. ಕಾಯಿಲ್ ಅಂದರೆ ಫಾಲೋಅಪ್ ಆಂಜಿಯೋ ಅಥವಾ ಎಂಆರ್‌ಐ ಯಂತ್ರದಲ್ಲೇ ರಕ್ತನಾಳ ತೋರಿಸುವ ಎಂಆರ್‌ಎ ಸೇರಿಸಿದ ಪ್ಯಾಕೇಜು ಅಂತಲೇ ತಿಳಿಯಿರಿ. ಮೆದುಳಿನ ಹಿಂಭಾಗದಲ್ಲಿ, ಚಾಕು ತಲುಪುವುದು ಕಷ್ಟವಾದ ಕಡೆ, ಸಾಮಾನ್ಯವಾಗಿ ಈ ದಾರಿಯೇ.

ಇಲ್ಲೊಂದು ಎಚ್ಚರ. ಕಾಯಿಲೇ ಮೇಲು ಎಂದು ಸಾಧಿಸಲು 2002ರ ಒಂದು ಹೆಸರಾಂತ ಪ್ರಯೋಗವನ್ನು ತೋರಿಸುತ್ತಾರೆ. ಅದರಲ್ಲಿದ್ದ 2,143 ಜನರಿಗೂ ಅನ್ಯೂರಿಸಂ ಒಡೆದಿತ್ತು. ಒಡೆದು ಊದಿಕೊಂಡ ಮೆದುಳಿನ ಮಾತು ಬೇರೆ, ಒಡೆಯದ್ದರ ಮಾತು ಬೇರೆ.

ಫ್ಲೋ ಡೈವರ್ಟರ್ ಮೂರನೆಯದು. ಅಮೆರಿಕದಲ್ಲಿ ಮೊದಲನೆಯದಕ್ಕೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಉಬ್ಬಿನೊಳಗೆ ಏನನ್ನೂ ತುಂಬುವುದಿಲ್ಲ. ಮುಖ್ಯ ರಕ್ತನಾಳದಲ್ಲೇ ಸಣ್ಣ ಕಣ್ಣಿನ ಜಾಲರಿ ಕೊಳವೆ ಇಡುತ್ತಾರೆ. ರಕ್ತ ನೇರ ಹರಿದುಹೋಗಿ, ಉಬ್ಬು ನೀರು ಬತ್ತಿದ ಕೆರೆಯಂತೆ ತಿಂಗಳುಗಟ್ಟಲೆ ತೆಗೆದುಕೊಂಡು ಮುಚ್ಚುತ್ತದೆ. ಕರೋಟಿಡ್ ನಾಳದ (ಕುತ್ತಿಗೆಯಿಂದ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ) ದೊಡ್ಡ, ಅಗಲ ಬಾಯಿಯ ಉಬ್ಬುಗಳಿಗೆ ಇದು ನಿಜಕ್ಕೂ ಹೊಸ ಬಾಗಿಲು ತೆರೆಯಿತು. ಬೆಲೆ ಮಾತ್ರೆಯಲ್ಲಿದೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಥರದ್ದು, ಎರಡೂ ಹಲವು ತಿಂಗಳು, ಒಂದು ದಿನ ತಪ್ಪದೆ. ಕೆಲವರ ಮೈಗೆ ಕ್ಲೋಪಿಡೋಗ್ರೆಲ್ ನಾಟುವುದೇ ಇಲ್ಲ. ಅದಕ್ಕೆ ರಕ್ತಪರೀಕ್ಷೆ ಇದೆ, ಮಾಡಿಸುತ್ತೀರಾ ಎಂದು ಕೇಳಿ. ಊರಿನ ಹಲ್ಲಿನ ಡಾಕ್ಟರು ಹಲ್ಲು ಕೀಳಬೇಕು, ರಕ್ತ ತೆಳು ಮಾಡೋ ಮಾತ್ರೆ ಐದು ದಿನ ಬಿಡಿ ಅಂದರೆ, ಮೆದುಳಿನ ಡಾಕ್ಟರಿಗೆ ಫೋನ್ ಮಾಡದೆ ಬಿಡಬೇಡಿ. ಜಾಲರಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದೇ ಸ್ಟ್ರೋಕ್. ಮಾತ್ರೆ ಮರೆಯುವವರು, ಹೊಟ್ಟೆಹುಣ್ಣಿನಿಂದ ರಕ್ತ ಹೋಗುವವರು, ಬೇರೆ ಆಪರೇಷನ್ ಕಾದಿರುವವರು ಈ ದಾರಿಗೆ ಮುಂಚೆ ಹತ್ತು ಸಲ ಯೋಚಿಸಬೇಕು.

ದುಡ್ಡಿನ ಮಾತು ಚುಟುಕಾಗಿ. ಕ್ಲಿಪ್ ಅಗ್ಗ. ಕಾಯಿಲಿನಲ್ಲಿ ಎಷ್ಟು ಸುರುಳಿ ಹಿಡಿಯುತ್ತದೆ ಅನ್ನುವುದರ ಮೇಲೆ ಬಿಲ್ಲು ಏರುತ್ತದೆ. ಫ್ಲೋ ಡೈವರ್ಟರ್ ಎಲ್ಲಕ್ಕಿಂತ ದುಬಾರಿ. ಎಸ್ಟಿಮೇಟ್ ಕೇಳುವಾಗ 'ಇಂಪ್ಲಾಂಟ್ ಸೇರಿಸಿಯೋ, ಬಿಟ್ಟೋ' ಎಂದು ಬಿಡಿಸಿ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಸರ್ಕಾರಿ ಆಸ್ಪತ್ರೆಯ ರೆಫರಲ್ ವಿಚಾರಿಸಿಕೊಂಡೇ ಮುಂದೆ ಹೋಗಿ. ಇದು ನಾಳೆಯೇ ಆಗಬೇಕಾದ ಆಪರೇಷನ್ ಅಲ್ಲದ್ದರಿಂದ ಅದಕ್ಕೆ ಸಮಯ ಇರುತ್ತದೆ.

ಎಲ್ಲ ಡಾಕ್ಟರರಿಗೂ ಕೇಳಬೇಕಾದ ಒಂದು ಪ್ರಶ್ನೆ ಉಂಟು, ಕೇಳಲು ಸಂಕೋಚವಾಗುತ್ತದೆ: ಈ ಜಾಗದ ಒಡೆಯದ ಉಬ್ಬು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಎಷ್ಟು ಜನಕ್ಕೆ ತೊಂದರೆಯಾಗಿದೆ? ನಾನು ಕೇಳಿದೆ. ಇಬ್ಬರು ನಗುತ್ತಲೇ ಅಂಕಿ ಹೇಳಿದರು. ಒಬ್ಬರು ಮುಖ ಗಂಟಿಕ್ಕಿದರು, ಅದೂ ಒಂದು ಉತ್ತರವೇ. ಕ್ಲಿಪ್ ಹಾಕುವವರು, ಕಾಯಿಲ್ ಹಾಕುವವರು ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಚಿತ್ರ ನೋಡುವ ಆಸ್ಪತ್ರೆ ಸಿಕ್ಕರೆ ಅಲ್ಲಿಗೇ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಕಡೆ ಎರಡು ವಿಭಾಗಗಳೂ ಇವೆ. ಕ್ಯೂ ಉದ್ದ, ಬೆಳಿಗ್ಗೆ ಬೇಗ ಹೊರಡಿ.

ಕಾಯುವವರ ಕೆಲಸ

ಮೊದಲ ಮರುಸ್ಕ್ಯಾನ್ ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಇಂಜೆಕ್ಷನ್ ಇಲ್ಲದ ಎಂಆರ್‌ಎ ಬಹುತೇಕರಿಗೆ ಸಾಕು. ನೋಡುವುದು ಒಂದನ್ನೇ: ಬೆಳೆದಿದೆಯೇ. ಬೆಳೆದ ಉಬ್ಬಿನ ಅಪಾಯ ಸುಮ್ಮನೆ ಕೂತದ್ದಕ್ಕಿಂತ ಹಲವು ಪಟ್ಟು, ಆಗ ಮೇಲಿನ ಲೆಕ್ಕವೆಲ್ಲ ಹೊಸದಾಗಿ ಹಾಕಬೇಕು.

ಉಬ್ಬನ್ನು ಕರಗಿಸುವ ಮಾತ್ರೆ ಇಲ್ಲ, ಕಷಾಯವೂ ಇಲ್ಲ. ಬೀಡಿ ಸಿಗರೇಟು ಬಿಡುವುದು, ಬಿಪಿ ಹತೋಟಿಯಲ್ಲಿಡುವುದು, ಇವೆರಡೇ ನಮ್ಮ ಕೈಯಲ್ಲಿರುವುದು. ಅಮ್ಮ ಬಿಪಿ ಮಾತ್ರೆಯನ್ನು 'ಇವತ್ತು ಚೆನ್ನಾಗಿದೀನಿ' ಎಂದು ವಾರಕ್ಕೆ ಎರಡು ದಿನ ಬಿಡುತ್ತಿದ್ದಳು. ಅನ್ಯೂರಿಸಂನಿಂದ ಆದ ಒಂದೇ ಉಪಕಾರವೆಂದರೆ ಆ ಚಾಳಿ ಹೋಯಿತು. ಮನೆಗೆಲಸ, ನಡಿಗೆ, ಬಸ್ ಪ್ರಯಾಣ ಯಾವುದಕ್ಕೂ ಡಾಕ್ಟರು ತಡೆ ಹಾಕಲಿಲ್ಲ. ಕುಕ್ಕರ್ ಮತ್ತೆ ಅವಳ ಕೈಗೆ ಹೋಯಿತು.

ತಡಮಾಡಬಾರದ್ದು ಎರಡು ಸಂದರ್ಭದಲ್ಲಿ. ಜೀವಮಾನದಲ್ಲೇ ಕಾಣದಂಥ ತಲೆನೋವು ಸಿಡಿಲು ಹೊಡೆದ ಹಾಗೆ ಕ್ಷಣದಲ್ಲಿ ಬಂದರೆ, ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಎಚ್ಚರ ತಪ್ಪುವುದು ಇದ್ದರಂತೂ, ಅರ್ಧ ಗಂಟೆ ನೋಡೋಣ ಅನ್ನಬೇಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ. ಇನ್ನೊಂದು, ಇದ್ದಕ್ಕಿದ್ದಂತೆ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು, ಪಾಪೆ ಹಿಗ್ಗಿ, ಒಂದು ಎರಡಾಗಿ ಕಂಡರೆ. ಉಬ್ಬು ದೊಡ್ಡದಾಗುತ್ತಾ ಕಣ್ಣಿನ ನರ ಒತ್ತುತ್ತಿರಬಹುದು. ಕಣ್ಣಿನ ಆಸ್ಪತ್ರೆಯ ಅಪಾಯಿಂಟ್‌ಮೆಂಟಿಗೆ ಕಾಯುವ ಕೆಲಸ ಇದಲ್ಲ.

ಮನೆಯವರೆಲ್ಲ ಸ್ಕ್ಯಾನ್ ಮಾಡಿಸಬೇಕೇ ಎಂದು ನನ್ನ ತಮ್ಮ ಕೇಳಿದ. ಒಬ್ಬರಿಗೆ ಇದ್ದ ಮಾತ್ರಕ್ಕೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳ ಪೈಕಿ ಇಬ್ಬರಿಗೆ ಇದ್ದರೆ ಅಥವಾ ವಂಶದಲ್ಲಿ ಕಿಡ್ನಿ ತುಂಬ ನೀರುಗುಳ್ಳೆ ಬರುವ ಕಾಯಿಲೆ ಇದ್ದರೆ ಮಾತ್ರ ಕೇಳಿ ನೋಡಿ.

ಹಳೆಯ ಸಿಡಿ ಕಳೆಯಬೇಡಿ. ಹೋದ ವರ್ಷ ಬೇರೆ ಸೆಂಟರಿನಲ್ಲಿ ಮಾಡಿಸಿದಾಗ ರಿಪೋರ್ಟಿನಲ್ಲಿ 4.7 ಅಂತ ಬಂತು. ಕೈಕಾಲು ತಣ್ಣಗಾದವು. ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು ಎರಡೂ ಸಿಡಿ ಹಾಕಿ, ಎರಡೂ ಚಿತ್ರ ಅಕ್ಕಪಕ್ಕ ಇಟ್ಟು, ಒಂದೇ ಕೋನದಲ್ಲಿ ಮೌಸ್ ಎಳೆದು ಅಳೆದರು. ಎರಡರಲ್ಲೂ 4.2. ಒಬ್ಬರು ಉದ್ದ ಅಳೆದಿದ್ದರು, ಇನ್ನೊಬ್ಬರು ಓರೆಯಾಗಿ. "ಇನ್ನೆರಡು ವರ್ಷ ಬಿಟ್ಟು ಬನ್ನಿ ಅಮ್ಮ, ಇವೆರಡನ್ನೂ ತನ್ನಿ" ಅಂದರು. ಸಿಡಿಗಳು ಈಗ ಬೀರುವಿನಲ್ಲಿ, ಮನೆಪತ್ರದ ಫೈಲಿನೊಳಗೆ ಇವೆ.